ಎಡಗಿವಿಗೆ ಸಿಗದ ಝಾಂಜ್

ಸವದತ್ತಿಯ ಅಂಚೆ ಕಚೇರಿಯಲ್ಲಿ ನಾನು ಪಾರ್ಸೆಲ್ ಕೌಂಟರಿನಲ್ಲಿ ಕೂತದ್ದು ಏಳು ವರ್ಷ. ಅಷ್ಟು ವರ್ಷಗಳಲ್ಲಿ, ಸಹಿ ಹಾಕುವ ಮೊದಲೇ ಪೊಟ್ಟಣವನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದ ಗಿರಾಕಿ ಒಬ್ಬನೇ. ಬಸ್ ಸ್ಟ್ಯಾಂಡಿನ ಎದುರಿನ ಸಾಲಿನಲ್ಲಿ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ ಇಟ್ಟಿದ್ದ ನೀಲಪ್ಪ.

“ಸಾಹೇಬ್ರ, ಒಳಗ ಡಬ್ಬಿ ಒಡದೈತಿ. ಸಿ.ಡಿ. ಮಾತ್ರ ಚೊಲೊ ಐತಿ,” ಎನ್ನುತ್ತಿದ್ದ. ನನ್ನೆದುರೇ ಬಿಚ್ಚಿದರೆ ಅವನು ಹೇಳಿದ ಹಾಗೆಯೇ ಇರುತ್ತಿತ್ತು.

ಆ ಪೊಟ್ಟಣಗಳಲ್ಲಿ ಬರುತ್ತಿದ್ದದ್ದು ಸಿನಿಮಾ ಹಾಡೂ ಅಲ್ಲ, ವಚನವೂ ಅಲ್ಲ. ವಿಡಿಯೊ ಗೇಮ್ ಆಡುವಾಗ ಹಿಂದೆ ಕೇಳಿಬರುತ್ತದಲ್ಲ, ಆ ಸಂಗೀತ. ಅದನ್ನು ಬೇರೆಯಾಗಿ ಸಿ.ಡಿ. ಮಾಡಿ ಮಾರುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮುಂಬೈಯ ಒಬ್ಬ ವ್ಯಾಪಾರಿಗೆ ಕಾರ್ಡು ಬರೆದು, ಅಂಚೆಯಲ್ಲೇ ಹಣ ಕಟ್ಟಿ ಬಿಡಿಸಿಕೊಳ್ಳುವ ವಿ.ಪಿ.ಪಿ. ಮೂಲಕ ನೀಲಪ್ಪ ತರಿಸಿಕೊಳ್ಳುತ್ತಿದ್ದ.

ಈ ಹುಚ್ಚು ಅವನಿಗೆ ಹತ್ತಿದ್ದು ತೊಂಬತ್ನಾಲ್ಕರಲ್ಲಿ. ಅಂಗಡಿಯ ಮೂಲೆಯಲ್ಲಿ ಒಂದು ಟಿ.ವಿ., ಒಂದು ಗೇಮ್ ಪೆಟ್ಟಿಗೆ ಇಟ್ಟು ಕಾಲೇಜಿನ ಹುಡುಗರಿಗೆ ಆಡಲು ಕೊಡುತ್ತಿದ್ದ. ಅದರಲ್ಲಿ ಕೋಟೆ ಹತ್ತುವ ಒಂದು ಆಟ. ಆಟದಲ್ಲಿ ಅವನಿಗೆ ಆಸಕ್ತಿ ಇರಲಿಲ್ಲ. ಅದರ ಸಂಗೀತದಲ್ಲಿ ಬರೀ ಮೂರು ದನಿ. ಒಂದು ಮೇಲೆ ಓಡುವುದು, ಒಂದು ಕೆಳಗೆ ಹೆಜ್ಜೆ ಹಾಕುವುದು, ಮೂರನೆಯದು ತಾಳಕ್ಕೆ ಸುರ್ ಸುರ್ ಎನ್ನುವುದು. “ಮೂರ ಮಂದಿ ಕೂಡಿ ಇಡೀ ಮೇಳದ ಕೆಲಸ ಮಾಡತಾರ ನೋಡ್ರಿ,” ಎಂದು ನನಗೆ ಎಷ್ಟೋ ಸಲ ಕೇಳಿಸಿದ್ದಾನೆ. ಟಿ.ವಿ.ಯಿಂದ ವೈರು ಎಳೆದು ಕ್ಯಾಸೆಟ್ಟಿಗೆ ತುಂಬಿಕೊಂಡ. ಆಮೇಲೆ ಆಟಗಳು ಕಂಪ್ಯೂಟರಿಗೆ ಬಂದವು, ಸಂಗೀತ ಸಿ.ಡಿ.ಗೆ ಬಂತು. ಎರಡು ಸಾವಿರದ ಎರಡರ ಹೊತ್ತಿಗೆ ಅವನ ಗಾಜಿನ ಕಪಾಟಿನಲ್ಲಿ ಇಂಥ ಮೂವತ್ತಕ್ಕೂ ಮೇಲೆ ಸಿ.ಡಿ. ಇದ್ದವು.

ಅಷ್ಟರಲ್ಲಿ ಅವನಿಗೊಂದು ಹೆಸರು ಬಂದಿತ್ತು. ಆಗ ಪೇಟೆಯಲ್ಲಿ ಖೋಟಾ ಸಿ.ಡಿ.ಗಳ ಕಾಲ. ಕಂಪ್ಯೂಟರಿನಲ್ಲಿ ಹಾಡನ್ನು ಹಿಂಡಿ ಚಿಕ್ಕದು ಮಾಡಿ, ಅದನ್ನೇ ಮತ್ತೆ ಸಿ.ಡಿ.ಗೆ ತುಂಬಿ, ಮೇಲೆ ಒಳ್ಳೆಯ ಬಣ್ಣದ ಕಾಗದ ಹಾಕಿ ಅಸಲು ಎಂದು ಮಾರುತ್ತಿದ್ದರು. ನೋಡಿದರೆ ತಿಳಿಯುವುದಿಲ್ಲ, ಕೇಳಿದರೆ ನೀಲಪ್ಪನಿಗೆ ತಿಳಿಯುತ್ತಿತ್ತು. “ಹಿಂಡಿದ ಹಾಡಿನಾಗ ಝಾಂಜ್ ನೀರಾಗ ಬಡದಂಗ ಕೇಳಸ್ತೈತಿ,” ಎನ್ನುತ್ತಿದ್ದ. ಝಾಂಜ್ ಎಂದರೆ ತಾಳಕ್ಕೆ ಬಡಿಯುವ ಕಂಚಿನ ತಟ್ಟೆ. ರಾಮದುರ್ಗದಿಂದ, ಬೈಲಹೊಂಗಲದಿಂದ ಜನ ಸಿ.ಡಿ. ಹಿಡಿದುಕೊಂಡು ಬಂದು, ಅಸಲೋ ಖೋಟಾವೋ ಎಂದು ಕೇಳಿಕೊಂಡು ಹೋಗುತ್ತಿದ್ದರು.

ಕಿವಿಯ ಬಗ್ಗೆ ಅವನಿಗೆ ಹೆಮ್ಮೆಯಿತ್ತು. ಅದಕ್ಕಿಂತ ಹೆಚ್ಚು ಹೆದರಿಕೆಯಿತ್ತು. ಅವನ ಅಪ್ಪ ಶಟ್ಟೆಪ್ಪ ನವಿಲುತೀರ್ಥದ ಅಣೆಕಟ್ಟು ಕಟ್ಟುವಾಗ ಬಂಡೆ ಸಿಡಿಸುವ ಗ್ಯಾಂಗಿನಲ್ಲಿದ್ದವನು. ಕೆಲಸ ಮುಗಿಯುವ ಹೊತ್ತಿಗೆ ಎರಡೂ ಕಿವಿ ಹೋಗಿದ್ದವು. ಸಂತೆಯಲ್ಲಿ, ಕಚೇರಿಯಲ್ಲಿ, ಯಾರೇನು ಹೇಳಿದರೂ ಅಪ್ಪನ ಮುಖದ ಹತ್ತಿರ ಬಾಯಿ ಒಯ್ದು ಕೂಗಿ ಹೇಳುವುದು ಚಿಕ್ಕ ನೀಲಪ್ಪನ ಕೆಲಸ. ಜನ ನಗುವುದನ್ನೂ ಅವನೇ ನೋಡಬೇಕು. ಹಾಗಾಗಿ ಕಿವಿಗೆ ಕಡ್ಡಿ ಹಾಕಿದವನಲ್ಲ. ಕೆರೆಯಲ್ಲಿ ಮುಳುಗು ಹಾಕಿದವನಲ್ಲ. ಗಾಳಿ ಬಿಟ್ಟರೆ ಹತ್ತಿ ಇಟ್ಟುಕೊಳ್ಳುವನು. ಇಷ್ಟು ಜೋಪಾನ ಮಾಡುವವನು, ಮದುವೆ ಸೀಜನ್ನಿನಲ್ಲಿ ಮಾತ್ರ ಮೈಕ್ ಸೆಟ್ಟಿನವರ ಜೊತೆ ಹೋಗಿ ದಿನಗಟ್ಟಲೆ ಹಾರ್ನ್ ಸ್ಪೀಕರಿನ ಪಕ್ಕ ಕೂರುತ್ತಿದ್ದ. ಹನ್ನೆರಡು ವರ್ಷ ಕೂತ. ಅದು ಅವನಿಗೆ ದುಡಿಮೆಯಾಗಿ ಕಂಡಿತ್ತೇ ಹೊರತು ಅಪಾಯವಾಗಿ ಕಂಡಿರಲಿಲ್ಲ.

ಆ ವರ್ಷ ಶ್ರಾವಣದಲ್ಲಿ ಬೈಲಹೊಂಗಲದಿಂದ ಮಲ್ಲಿಕಾರ್ಜುನ ಫೋನು ಮಾಡಿದ. ಅವನದು ಕಂಪ್ಯೂಟರ್ ಸೆಂಟರ್. ಟೈಪಿಂಗ್ ಕಲಿಯಲು ಬರುವವರಿಗಿಂತ ಗೇಮ್ ಆಡಲು ಬರುವವರು ಜಾಸ್ತಿ. ಅವರೆಲ್ಲ ಆ ಸಂಗೀತದ ಸಿ.ಡಿ. ಸಿಗುತ್ತದೆಯೇ ಎಂದು ಕೇಳುತ್ತಿದ್ದರಂತೆ. ಕಿತ್ತೂರಿನ ಗಂಗಯ್ಯ ಎಂಬವರು ಮುಂಬೈಯಿಂದ ಇಪ್ಪತ್ತು ಸಿ.ಡಿ. ತಂದಿದ್ದಾರೆ, ಎಲ್ಲ ಅಸಲು ಎನ್ನುತ್ತಿದ್ದಾರೆ.

“ನೀಲಪ್ಪಣ್ಣಾ, ನೀವು ಬಂದು ಕೇಳಿ ಹ್ಞೂಂ ಅಂದ್ರ ಅಷ್ಟೂ ತೊಗೊತೀನಿ. ನನಗ ಎಲ್ಲಾ ಒಂದ ಕೇಳಸ್ತಾವ.”

ನೀಲಪ್ಪ ಮರುದಿನ ಬೆಳಗಿನ ಬಸ್ಸಿಗೆ ಹೋದ.

ಗಂಗಯ್ಯ ಐವತ್ತರ ಆಸುಪಾಸಿನ ಮನುಷ್ಯ. ಕಿತ್ತೂರಿನಲ್ಲಿ ವಹಿ-ಪುಸ್ತಕದ ಅಂಗಡಿ. ಅದರ ಜೊತೆಗೆ ಸಿ.ಡಿ. ವ್ಯಾಪಾರ ಹೊಸದಾಗಿ ಸುರು ಮಾಡಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಸಿ.ಡಿ.ಗಳನ್ನು ವಸ್ತ್ರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸೆಂಟರಿನಲ್ಲಿ ಹತ್ತು ಹನ್ನೆರಡು ಜನ ಆಡುವವರ ಗದ್ದಲ. ಅದಕ್ಕೆ ಮಲ್ಲಿಕಾರ್ಜುನ ಹೆಡ್‌ಫೋನ್ ತಂದುಕೊಟ್ಟ. ನೀಲಪ್ಪನಿಗೆ ಹೆಡ್‌ಫೋನಿನ ರೂಢಿ ಇರಲಿಲ್ಲ. ತನ್ನ ಅಂಗಡಿಯಲ್ಲಿ ಅವನು ಯಾವಾಗಲೂ ಕೇಳುತ್ತಿದ್ದದ್ದು ಗೋಡೆಯ ಎರಡು ಸ್ಪೀಕರುಗಳಲ್ಲಿ.

ಮೊದಲನೆಯದನ್ನು ಹಾಕಿದರು. ಯುದ್ಧದ ಆಟದ ಸಂಗೀತ. ನೀಲಪ್ಪ ಕಣ್ಣು ಮುಚ್ಚಿ ಕೇಳಿದ. ಝಾಂಜ್ ನೀರಿನಲ್ಲಿ ಅದ್ದಿದ ಹಾಗಿತ್ತು. “ಇದು ಖೋಟಾ,” ಎಂದ. ಎರಡನೆಯದೂ ಹಾಗೆಯೇ. ಗಂಗಯ್ಯನವರ ಮುಖ ಸಣ್ಣದಾಯಿತು.

ಮೂರನೆಯದು ಮೋಟಾರು ರೇಸಿನ ಆಟದ್ದು. ಆ ಆಟವನ್ನು ನೀಲಪ್ಪ ಬಲ್ಲ. ಅದರಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದು ಸಣ್ಣ ಝಾಂಜ್ ಚಿಕ್ ಚಿಕ್ ಎಂದು ಓಡುತ್ತಲೇ ಇರುತ್ತದೆ. ಈಗ ಕೇಳಿದರೆ ಅದು ಇಲ್ಲವೇ ಇಲ್ಲ. ಡ್ರಮ್ಮು ಇದೆ, ಗಿಟಾರು ಇದೆ, ಝಾಂಜ್ ಮಾಯ.

“ಇದರಾಗಂತೂ ಝಾಂಜ್ ಕಿತ್ತ ಹಾಕ್ಯಾರ. ಮಲ್ಲಿಕಾರ್ಜುನ, ಮುಂದಿನವು ಕೇಳೂದ ಬ್ಯಾಡ. ಇದ ನಮೂನಿ ಇರತಾವ ಎಲ್ಲಾ.”

ಗದ್ದಲ ನಿಂತಿತು. ಆಡುತ್ತಿದ್ದವರು ತಿರುಗಿ ನೋಡಿದರು. ಗಂಗಯ್ಯ ಎದ್ದು ನಿಂತರು.

“ನಾ ಮೋಸದ ವ್ಯಾಪಾರ ಮಾಡಿದಂವ ಅಲ್ರಿ. ಇನ್ನೊಮ್ಮೆ ಕೇಳ್ರಿ.”

“ಕೇಳೇನ್ರಿ. ಒಮ್ಮೆ ಕೇಳಿದ್ರ ಸಾಕ ನನಗ.”

ಗಂಗಯ್ಯ ಒಂದೊಂದೇ ಸಿ.ಡಿ.ಯನ್ನು ವಸ್ತ್ರದಲ್ಲಿ ಸುತ್ತಿಕೊಂಡು ಹೊರಟರು. ಬಾಗಿಲಲ್ಲಿ ಯಾರೋ “ಡುಪ್ಲಿಕೇಟ್ ಗಂಗಯ್ಯ” ಎಂದು ನಕ್ಕದ್ದು ಎಲ್ಲರಿಗೂ ಕೇಳಿತು. ನೀಲಪ್ಪನಿಗೂ ಕೇಳಿತು. ತಾನು ಸರಿಯಾದ್ದನ್ನೇ ಮಾಡಿದೆ ಎಂದುಕೊಂಡು ಚಹಾ ಕುಡಿದು ಊರಿಗೆ ಬಂದ.

ನಾಲ್ಕು ದಿನ ಕಳೆದಿರಬಹುದು. ಬೆಳಿಗ್ಗೆ ಆರರ ಹೊತ್ತು. ಹೆಂಡತಿ ಗುರವ್ವ ಅಡಿಗೆ ಮನೆಯಿಂದ ಬಂದು ಅವನನ್ನು ಅಲ್ಲಾಡಿಸಿದಳು.

“ಏನ್ರಿ, ಎಚ್ಚರ ಇದ್ದೂ ಹಂಗ ಮಲ್ಕೊಂಡೀರಲ್ಲ. ಗಡಿಯಾರ ಆಗಿಂದ ಹೊಡಕೊಳ್ಳಾಕತ್ತೈತಿ, ಆರ್ಸಬಾರದ?”

ಅವನು ಎಚ್ಚರವಾಗಿಯೇ ಇದ್ದ. ಬಲಕ್ಕೆ ಹೊರಳಿ, ಬಲಗಿವಿ ದಿಂಬಿಗೆ ಒತ್ತಿ ಮಲಗಿದ್ದ. ಅವನ ಡಿಜಿಟಲ್ ಕೈಗಡಿಯಾರ ತಲೆಯ ಹತ್ತಿರ ಗೇಣು ದೂರದಲ್ಲಿತ್ತು. ಅವನಿಗೆ ಏನೂ ಕೇಳಿರಲಿಲ್ಲ. ತಲೆ ಎತ್ತಿದೊಡನೆ ಪೀಂ ಪೀಂ ಎಂದು ಕೇಳಿತು. ಮತ್ತೆ ತಲೆ ಇಟ್ಟ. ನಿಂತಿತು. ಎತ್ತಿದ. ಕೇಳಿತು.

ಗುರವ್ವ ಹೋದ ಮೇಲೆ ಅವನು ಬಲಗಿವಿಗೆ ಬೆರಳು ಇಟ್ಟು, ಗಡಿಯಾರವನ್ನು ಎಡಗಿವಿಗೇ ತಾಗಿಸಿದ. ಅದರ ಕಂಪನ ಮಾತ್ರ ತಾಗಿತು. ದನಿ ಇರಲಿಲ್ಲ.

ಅಂದಿನಿಂದ ಅವನಿಗೆ ಊಟ ಸೇರಲಿಲ್ಲ. ಅಂಗಡಿಯಲ್ಲಿ ಕೂತು ಬಲಗಿವಿ ಮುಚ್ಚಿಕೊಳ್ಳುವುದು, ಕೀಲಿಗೊಂಚಲು ಅಲ್ಲಾಡಿಸುವುದು. ಮುದ್ದೆಯಾದ ಕಾಗದ ಹಿಚುಕುವುದು. ಗುಬ್ಬಿ ಕೂಗಿದರೆ ಎಡಕ್ಕೆ ತಿರುಗಿ ನಿಲ್ಲುವುದು. ಕೆಲವು ದನಿ ಬರುವುವು, ಕೆಲವು ಬರವು. ಕೆಲವಂತೂ ಬಂದವೋ, ಬರಲಿ ಎಂದು ತಾನೇ ಅಂದುಕೊಂಡದ್ದೋ ಗೊತ್ತಾಗದು. ಅಂಚೆ ಕಚೇರಿಗೆ ಬಂದಾಗ ನಾನು ಮುದ್ರೆ ಒತ್ತುವುದನ್ನೇ ನೋಡುತ್ತ ನಿಂತಿದ್ದ. ಆ ಸಲ ಪೊಟ್ಟಣವನ್ನು ಕಿವಿಗೆ ಹಿಡಿಯಲಿಲ್ಲ. ಯಾಕೆ ಎಂದು ಕೇಳಿದೆ. “ನೆಗಡಿ ಆಗೇತ್ರಿ ಸಾಹೇಬ್ರ,” ಎಂದು ಹೋಗಿಬಿಟ್ಟ.

ಮುಂದೆ ಅವನೇ ನನಗೆ ಹೇಳಿದ: ಕಿವುಡನಾಗುತ್ತೇನೆ ಎಂಬ ಭಯ ಅರ್ಧ ಮಾತ್ರ. ಉಳಿದರ್ಧ ಗಂಗಯ್ಯ. ಆ ಝಾಂಜ್ ಸಿ.ಡಿ.ಯಲ್ಲಿ ಇರಲಿಲ್ಲವೋ, ತನ್ನ ಕಿವಿಯಲ್ಲಿ ಇರಲಿಲ್ಲವೋ? ಹತ್ತು ಜನರ ಮುಂದೆ ಆ ಮನುಷ್ಯ ಇನ್ನೊಮ್ಮೆ ಕೇಳ್ರಿ ಎಂದಿದ್ದರು. ತಾನು ಒಮ್ಮೆ ಸಾಕು ಎಂದಿದ್ದ.

ತನ್ನಲ್ಲಿದ್ದ ಹಳೆಯ ಕ್ಯಾಸೆಟ್ ಹಾಕಿ ಪರೀಕ್ಷೆ ಮಾಡಲು ನೋಡಿದ. ಅದರಲ್ಲೂ ತಾಳದ ದನಿ ಮಂದವಾಗಿತ್ತು. ಆದರೆ ಟೇಪು ಹಳೆಯದಾದರೆ ತಾನಾಗಿಯೇ ಮಂದವಾಗುತ್ತದೆ. ಕಿವಿ ಕೆಟ್ಟಿತೋ ಟೇಪು ಕೆಟ್ಟಿತೋ ಹೇಳುವವರು ಯಾರು? ಹೇಳಬೇಕಾದವನೇ ತಾನು.

ಒಂದು ವಾರವಾದ ಮೇಲೆ ಗುರವ್ವ ಹಿಡಿದು ಕೂರಿಸಿದಳು.

“ಎಡಗಡೆ ನಿಂತು ಮೂರು ಸಲ ಮೆಲ್ಲಕ ಕರದೆ. ತಿರುಗಿ ನೋಡಲಿಲ್ಲ ನೀವು. ನನ್ನ ಮ್ಯಾಲ ಸಿಟ್ಟೇನು?”

ಅವನು ಸುಳ್ಳು ಹೇಳಲು ಬಾಯಿ ತೆರೆದ. ಬದಲಿಗೆ ಅಳು ಬಂತು. ಎಲ್ಲ ಹೇಳಿದ. ಗುರವ್ವ ಅಳಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. “ನಾಳೆ ಧಾರವಾಡಕ್ಕ ಹೋಗೂಣು,” ಎಂದು ಬುತ್ತಿ ಕಟ್ಟಲು ಎದ್ದಳು.

ಧಾರವಾಡದ ಕಿವಿ ಡಾಕ್ಟರು ಅವನನ್ನು ಒಂದು ಸಣ್ಣ ಮುಚ್ಚಿದ ಕೋಣೆಯಲ್ಲಿ ಕೂರಿಸಿದರು. ದನಿ ಕೇಳಿದಾಗ ಬೆರಳೆತ್ತಬೇಕು. ಬಲಗಿವಿಗೆ ಬೆರಳು ಮೇಲೆ ಮೇಲೆ ಏಳುತ್ತಿತ್ತು. ಎಡಗಿವಿಯ ಸರದಿ ಬಂದಾಗ ಗುಂಯ್ ಎಂಬ ದಪ್ಪ ದನಿಗಳು ಕೇಳಿದವು. ಆಮೇಲೆ ನಿಶ್ಶಬ್ದ. ಗಾಜಿನಾಚೆ ಹೆಂಗಸೊಬ್ಬಳು ಗುಂಡಿ ಒತ್ತುತ್ತಲೇ ಇರುವುದು ಕಾಣುತ್ತಿತ್ತು. ಅವಳ ಬೆರಳು ಅಲ್ಲಾಡುತ್ತಿದೆ ಎಂದರೆ ದನಿ ಬರುತ್ತಿದೆ. ಬೆರಳೆತ್ತಿಬಿಡಲೇ ಎನಿಸಿತು. ಎತ್ತಿದರೆ ಕಾಗದದಲ್ಲಿ ಕಿವಿ ಚೆನ್ನಾಗಿದೆ ಎಂದು ಬರುತ್ತದೆ. ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತ.

ಡಾಕ್ಟರು ಕಾಗದದ ಮೇಲಿನ ಗೆರೆ ತೋರಿಸಿದರು. ನಡುವಿನವರೆಗೆ ನೆಟ್ಟಗೆ ಬಂದ ಗೆರೆ ಅಲ್ಲಿಂದ ಧಡಕ್ಕನೆ ಕೆಳಗಿಳಿದಿತ್ತು.

“ಎಡಗಡೆ ದೊಡ್ಡ ಸಪ್ಪಳದ ಹತ್ರ ಬಾಳ ದಿನ ಕುಂತೀರೇನು?”

“ಹಾರ್ನ್ ಸ್ಪೀಕರ್ ರೀ. ಮದುವಿ ಒಳಗ.”

“ಕೀರಲು ದನಿ ಹೋಗ್ಯಾವ. ಹೋದವು ತಿರುಗಿ ಬರಂಗಿಲ್ಲ. ಬಲಗಿವಿ ಈ ವಯಸ್ಸಿಗೆ ಚಲೋ ಐತಿ. ಅದನ್ನ ಉಳಿಸಿಕೋರಿ. ವರ್ಷಕ್ಕೊಮ್ಮೆ ಬಂದು ತೋರಿಸ್ರಿ.”

ಬಸ್ಸಿನಲ್ಲಿ ಅವನು ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಕೂತಿದ್ದ. ಗುರವ್ವ ಅವನ ಬಲಗಡೆ ಕೂತಿದ್ದಳು. ಅಂದಿನಿಂದ ಅವಳು ಯಾವಾಗಲೂ ಬಲಗಡೆಯೇ ಕೂರುವುದು.

“ಗಂಗಯ್ಯನವರ ಹತ್ರ ಹೋಗಬೇಕು,” ಎಂದ.

“ಹೋಗ್ರಿ. ನಾನೂ ಬರತೇನಿ.”

“ಹೋದ್ರ ಊರಿಗೆಲ್ಲಾ ಗೊತ್ತಾಗತೈತಿ. ಕಿವುಡನ ಅಂಗಡಿಗೆ ಯಾರು ರೆಕಾರ್ಡಿಂಗ್ ಮಾಡಸಾಕ ಬರತಾರ?”

ಗುರವ್ವ “ಅದ ಭಯ ನನಗೂ ಐತಿ,” ಎಂದಳು. ಅಷ್ಟೇ.

ಗುರವ್ವನನ್ನು ಕರೆದುಕೊಂಡು ಕಿತ್ತೂರಿಗೆ ಹೋದ ದಿನ ಅಂಗಡಿಯಲ್ಲಿ ಗಂಗಯ್ಯ ಒಬ್ಬರೇ ಇದ್ದರು. ಇವನನ್ನು ಕಂಡರೂ ಕೂಡ್ರಿ ಎನ್ನಲಿಲ್ಲ. ನೀಲಪ್ಪ ನಿಂತುಕೊಂಡೇ ಡಾಕ್ಟರ ಕಾಗದ ಬಿಚ್ಚಿ ಮೇಜಿನ ಮೇಲಿಟ್ಟ.

“ನನ್ನ ಎಡಗಿವಿ ಹೋಗೇತ್ರಿ. ಅವತ್ತ ನನಗ ಗೊತ್ತಿರಲಿಲ್ಲ. ಆ ಮೂರೂ ಸಿ.ಡಿ. ಇನ್ನೊಮ್ಮೆ ಕೇಳಸ್ರಿ.”

ಗಂಗಯ್ಯ ಕಾಗದವನ್ನು ನೋಡಿದರು, ಇವನ ಮುಖ ನೋಡಿದರು. ಒಳಗೆ ಹೋಗಿ ವಸ್ತ್ರದ ಗಂಟು, ಸಿ.ಡಿ. ಪ್ಲೇಯರು, ಹೆಡ್‌ಫೋನು ತಂದರು. ವೈರು ಸಿಕ್ಕಿಸಿ ಇವನ ಮುಂದಕ್ಕೆ ತಳ್ಳಿದರು. ಅದು ಸಿಟ್ಟಿನಿಂದಲೋ ಆಸೆಯಿಂದಲೋ ನೀಲಪ್ಪನಿಗೆ ತಿಳಿಯಲಿಲ್ಲ.

ರೇಸಿನ ಆಟದ್ದನ್ನೇ ಮೊದಲು ಹಾಕಿದ. ಝಾಂಜ್ ಇರಲಿಲ್ಲ. ಆಮೇಲೆ ಹೆಡ್‌ಫೋನನ್ನು ತೆಗೆದು, ಎಡಗಡೆಯದು ಬಲಕ್ಕೆ ಬಲಗಡೆಯದು ಎಡಕ್ಕೆ ಬರುವಂತೆ ತಿರುವಿ ಹಾಕಿಕೊಂಡ.

ಚಿಕ್ ಚಿಕ್ ಚಿಕ್ ಚಿಕ್. ಹೊಸ ಪೈಸೆ ಕಲ್ಲಿನ ಮೇಲೆ ಬಿದ್ದ ಹಾಗೆ, ಒಂದೊಂದೂ ಬೇರೆ ಬೇರೆಯಾಗಿ, ಸ್ವಚ್ಛವಾಗಿ. ಆ ಝಾಂಜ್ ಮೊದಲಿನಿಂದಲೂ ಅಲ್ಲೇ ಇತ್ತು. ಸಂಗೀತ ಕೂಡಿಸಿದವನು ಅದನ್ನು ಪೂರ್ತಿ ಎಡಗಡೆಗೆ ಇಟ್ಟಿದ್ದ.

ನೀಲಪ್ಪ ಹೆಡ್‌ಫೋನ್ ತೆಗೆದ. “ಇದು ಅಸಲು ಐತ್ರಿ. ಒಂದ್ನಂಬರ್ ಅಸಲು. ತಪ್ಪು ನಂದು.”

ಗಂಗಯ್ಯ ಉಳಿದೆರಡನ್ನು ಮುಂದೆ ಸರಿಸಿದರು. ಅವನು ಅವನ್ನೂ ಹಾಗೆ ಹೀಗೆ ಎರಡೂ ಕಡೆಯಿಂದ ಕೇಳಿದ. ಅವು ಎರಡೂ ಕಡೆ ನೀರಿನಲ್ಲಿ ಅದ್ದಿದವೇ. ತಪ್ಪು ಒಪ್ಪಿಕೊಳ್ಳಲು ಬಂದವನು ಅರ್ಧ ತಪ್ಪು ಅವರದೂ ಇದೆ ಎಂದು ಹೇಗೆ ಹೇಳುವುದು? ಸುಮ್ಮನೆ ಎಲ್ಲ ಅಸಲು ಎಂದುಬಿಟ್ಟರೆ ಈ ಮನುಷ್ಯ ಸಂತೋಷಪಡುತ್ತಾರೆ. ಹೆಡ್‌ಫೋನನ್ನು ಗುರವ್ವನಿಗೆ ಕೊಟ್ಟ. “ನೀ ಕೇಳು. ಝಾಂಜ್ ಹೆಂಗೈತಿ ಹೇಳು.”

ಗುರವ್ವ ಜನ್ಮದಲ್ಲಿ ಹೆಡ್‌ಫೋನ್ ಹಾಕಿದವಳಲ್ಲ. ಸೆರಗು ಸರಿಸಿ ಹಾಕಿಕೊಂಡು ಮೂರನ್ನೂ ಕೇಳಿದಳು. ರೇಸಿನದನ್ನು ಮುಟ್ಟಿ, “ಇದು ಕರದ ಹಪ್ಪಳ,” ಎಂದಳು. ಉಳಿದೆರಡನ್ನು ತೋರಿಸಿ, “ಇವು ಗಾಳಿಗಿಟ್ಟು ಮೆತ್ತಗಾದವು.”

ಗಂಗಯ್ಯ ಕುರ್ಚಿಯಲ್ಲಿ ಹಿಂದಕ್ಕೊರಗಿ ಕೂತರು. “ಅಂದ್ರ ಮುಂಬೈಯಂವ ಖರೇದರಾಗ ಖೋಟಾ ಕಲಸಿ ಕೊಟ್ಟಾನ. ನಾನೂ ಮೋಸ ಹೋಗೇನಿ,” ಎಂದರು. ಸಿ.ಡಿ.ಗಳನ್ನು ವಸ್ತ್ರದಲ್ಲಿ ಸುತ್ತಿ ಮತ್ತೆ ಹೇಳಿದರು: “ಆದ್ರ ನೀಲಪ್ಪನವರ, ನೀವು ಅವತ್ತ ಆ ಮಾತು ಅಂದಿದ್ದು ಮಂದಿ ಮುಂದ. ಈ ಮಾತು ಹೇಳಾಕತ್ತಿದ್ದು ನಾಕ ಗ್ವಾಡಿ ನಡುವ. ಬೈಲಹೊಂಗಲಕ್ಕ ಹೋದ್ರ ನನ್ನ ಡುಪ್ಲಿಕೇಟ್ ಅಂತ ಕರೀತಾರ. ಅಲ್ಲೇ ಬಂದು ಹೇಳ್ರಿ.”

ಈ ಮಾತು ಬರುತ್ತದೆ ಎಂದು ನೀಲಪ್ಪನಿಗೆ ಗೊತ್ತಿತ್ತು. ಬರದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದ. “ಹ್ಞೂಂ,” ಎಂದ.

ಸೋಮವಾರ ಮೂವರೂ ಬೈಲಹೊಂಗಲದಲ್ಲಿ ಕೂಡಿದರು. ಸೆಂಟರಿನಲ್ಲಿ ಅದೇ ಗದ್ದಲ, ಹೆಚ್ಚುಕಡಿಮೆ ಅವೇ ಮುಖ. ನೀಲಪ್ಪ ಬಾಗಿಲಲ್ಲಿ ನಿಂತು ಮಲ್ಲಿಕಾರ್ಜುನನಿಗೆ ಆಟ ನಿಲ್ಲಿಸಲು ಹೇಳಿದ.

“ಅಂದು ನಾ ಗಂಗಯ್ಯನವರ ರೇಸಿನ ಸಿ.ಡಿ. ಖೋಟಾ ಅಂದೆ. ಅದು ಅಸಲು ಐತಿ. ಖೋಟಾ ಇದ್ದದ್ದು ನನ್ನ ಎಡಗಿವಿ. ಇನ್ನೊಮ್ಮೆ ಕೇಳ್ರಿ ಅಂದಾಗ ನಾ ಕೇಳಲಿಲ್ಲ. ಅದು ಕಿವಿ ತಪ್ಪಲ್ಲ, ನಂದ ತಪ್ಪು.”

ಯಾರೋ ಕಿಸಕ್ಕನೆ ನಕ್ಕರು. ಮಲ್ಲಿಕಾರ್ಜುನ ಅವರತ್ತ ಕಣ್ಣು ಬಿಟ್ಟ. ಆಮೇಲೆ ಇಡೀ ಮಧ್ಯಾಹ್ನ ಇಪ್ಪತ್ತೂ ಸಿ.ಡಿ. ಕೇಳಿದರು. ನೀಲಪ್ಪ ಒಮ್ಮೆ ನೆಟ್ಟಗೆ, ಒಮ್ಮೆ ತಿರುವಿ. ಗುರವ್ವ ಒಮ್ಮೆ. ಇಬ್ಬರ ಮಾತೂ ಕೂಡಿದರೆ ಮಾತ್ರ ತೀರ್ಪು. ಹದಿಮೂರು ಅಸಲು ಎಂದಾಯಿತು. ಐದು ಖೋಟಾ. ಎರಡರ ಬಗ್ಗೆ ಗಂಡ ಹೆಂಡತಿಗೆ ಹೊಂದಾಣಿಕೆ ಆಗಲಿಲ್ಲ, ಅವನ್ನು ಬದಿಗಿಟ್ಟರು. ಮಲ್ಲಿಕಾರ್ಜುನ ಹದಿಮೂರನ್ನೂ ತೆಗೆದುಕೊಂಡ. ಗಂಗಯ್ಯ ಹೋಗುವಾಗ ಗುರವ್ವನಿಗೆ ಕೈ ಮುಗಿದರು. ನೀಲಪ್ಪನಿಗೆ ಬರೀ ತಲೆ ಅಲ್ಲಾಡಿಸಿದರು.

ಅವನು ಹೆದರಿದ್ದು ಸುಳ್ಳಾಗಲಿಲ್ಲ. ಸುದ್ದಿ ಮರುದಿನವೇ ಸವದತ್ತಿಗೆ ಬಂತು. ಕೆಲವರು ಅಂಗಡಿಗೆ ಬಂದು ಬೇಕೆಂದೇ ಎಡಗಡೆ ನಿಂತು ಪಿಸುಗುಟ್ಟಿ ನೋಡಿದರು. ದೀಪಾವಳಿಯ ಹೊತ್ತಿಗೆ ರೆಕಾರ್ಡಿಂಗ್ ಗಿರಾಕಿಗಳು ಅರ್ಧಕ್ಕಿಳಿದರು. ಕ್ಯಾಸೆಟ್ಟಿನ ಕಾಲವೇ ಮುಗಿಯುತ್ತಿತ್ತು, ಅದೂ ನಿಜ. ಆದರೆ ಅವನು ಎಲ್ಲವನ್ನೂ ಕಿವಿಯ ಲೆಕ್ಕಕ್ಕೇ ಹಾಕುತ್ತಿದ್ದ. ಮದುವೆ ಮೈಕಿಗೆ ಹೋಗುವುದನ್ನು ಬಿಟ್ಟ. ರೇಡಿಯೊ, ಟೇಪ್ ರಿಪೇರಿ ಹಿಡಿದ. ಬಲಗಿವಿಯದೇ ಚಿಂತೆ. ಲಾರಿ ಹಾರ್ನ್ ಹೊಡೆದರೆ ಸಾಕು, ಅಂಗೈಯಿಂದ ಬಲಗಿವಿ ಮುಚ್ಚಿ ರಸ್ತೆಯಲ್ಲೇ ನಿಂತುಬಿಡುತ್ತಿದ್ದ. ಧಾರವಾಡಕ್ಕೆ ಹೋಗುವ ದಿನ ಹತ್ತಿರ ಬಂದರೆ ಹದಿನೈದು ದಿನ ಮೊದಲೇ ನಿದ್ದೆ ಕೆಡುತ್ತಿತ್ತು. ಪ್ರತಿ ಸಲ ಗೆರೆ ಇದ್ದಲ್ಲೇ ಇರುತ್ತಿತ್ತು. ಆದರೂ ಮುಂದಿನ ಸಲದ ಭಯ ಹೋಗುತ್ತಿರಲಿಲ್ಲ.

ಮುಂಬೈಯ ಪಾರ್ಸೆಲ್ಲುಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತಿದ್ದವು. ಎರಡು ಸಾವಿರದ ನಾಲ್ಕರಲ್ಲಿ ಒಂದು ಬಂತು. ಮುಂಬೈಯಿಂದಲ್ಲ, ಕಿತ್ತೂರಿನಿಂದ. ಕಳಿಸಿದವರು ಗಂಗಯ್ಯ. ಒಳಗೆ ಒಂದೇ ಸಿ.ಡಿ., ಜೊತೆಗೆ ಚೀಟಿ: “ಹೊಸ ವ್ಯಾಪಾರಿ. ನಂಬಬೇಕೋ ಬ್ಯಾಡೋ ನೀವು ಕೇಳಿ ಹೇಳ್ರಿ.”

ಅವನು ಅದನ್ನು ಮೂರು ದಿನ ಕೇಳಿದ. ಸ್ಪೀಕರಿನಲ್ಲಿ, ಹೆಡ್‌ಫೋನಿನಲ್ಲಿ, ನೆಟ್ಟಗೆ, ತಿರುವಿ. ಗುರವ್ವನೂ ಕೇಳಿದಳು. ಅದು ಬರೀ ಕೊಳಲು ಮತ್ತು ಮಳೆಯ ದನಿಯ ಮೆಲ್ಲನೆಯ ಸಂಗೀತ. ಝಾಂಜ್ ಇಲ್ಲ, ತಾಳ ಇಲ್ಲ, ಹಿಡಿದು ನೋಡಲು ಏನೂ ಇಲ್ಲ. ನಾಲ್ಕನೆಯ ದಿನ ಅಂಚೆ ಕಚೇರಿಗೆ ಬಂದು, ನನ್ನ ಕೌಂಟರಿನ ಮೇಲೆಯೇ ಕಾರ್ಡು ಬರೆದ. “ನನಗ ತಿಳೀವಲ್ದು. ಅಸಲು ಅಂತನೂ ಹೇಳಾಕ ಬರಂಗಿಲ್ಲ, ಖೋಟಾ ಅಂತನೂ ಹೇಳಾಕ ಬರಂಗಿಲ್ಲ.” ಬರೆದು ನನ್ನ ಮುಂದೆ ಹಿಡಿದ.

“ಹಿಂಗ ಬರದ್ರ ಅವ್ರು ಸಿಟ್ಟಾಗೂದಿಲ್ಲೇನ್ರಿ ಸಾಹೇಬ್ರ?”

ನಾನು ಗೊತ್ತಿಲ್ಲ ಎಂದೆ. ಅವನು ಕಾರ್ಡನ್ನು ಡಬ್ಬಿಗೆ ಹಾಕಿ, ಹಾಕಿದ ಮೇಲೂ ಡಬ್ಬಿಯ ಬಾಯನ್ನೇ ನೋಡುತ್ತ ನಿಂತಿದ್ದ.

ವಾರ ಕಳೆದ ಮೇಲೆ ಕಿತ್ತೂರಿನಿಂದ ಉತ್ತರ ಬಂತು. ವಿಂಗಡಿಸುವಾಗ ಕಣ್ಣಿಗೆ ಬಿತ್ತು, ಓದಬಾರದಿತ್ತು, ಓದಿದೆ. ಎರಡೇ ಸಾಲು ಇತ್ತು.

“ನಿಮಗ ತಿಳೀಲಿಲ್ಲಂದ್ರ ನಾನೂ ಅವನ ಮಾಲು ತರಿಸಂಗಿಲ್ಲ. ಮುಂದಿನ ತಿಂಗಳು ಇನ್ನೊಂದು ಕಳಸ್ತೇನಿ, ನಿಮ್ಮ ಮನಿಯಾಗಿನವರಿಗೂ ಕೇಳಸ್ರಿ.”

ಕಾರ್ಡನ್ನು ಪೋಸ್ಟ್‌ಮನ್ ಕೈಗೆ ಕೊಡದೆ, ಮಧ್ಯಾಹ್ನದ ಬಿಡುವಿನಲ್ಲಿ ನಾನೇ ಅವನ ಅಂಗಡಿಗೆ ಒಯ್ದು ಕೊಟ್ಟೆ.